ತೊಳೆದು ಕೊಟ್ಟ ಫ್ಲಾಪಿ

ಮೊನ್ನೆ ನನ್ನ ಹಳೆಯ ಕಂಪ್ಯೂಟರನ್ನು ಬಿಚ್ಚಿ ಹೊಸದಾಗಿ ಜೋಡಿಸಲು ಬಂದವರು, ಡ್ರೈವರ್ ಡೌನ್‌ಲೋಡ್ ಆಗುತ್ತಿಲ್ಲವೆಂದು ನಮ್ಮ ಜಗಲಿಯಲ್ಲಿ ಕೂತು ತಲೆ ಮೇಲೆ ಕೈ ಹೊತ್ತಿದ್ದರು. ಕಾದಿದ್ದು ಹೆಚ್ಚೆಂದರೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅಷ್ಟಕ್ಕೇ ಊರು ಮುಳುಗಿದವರ ಹಾಗೆ ಮುಖ. ನನಗೆ ಪಾಪ ಅನ್ನಿಸಲಿಲ್ಲ, ನಗು ಬಂತು. ಇಂಥದೇ ಒಂದು ಡ್ರೈವರಿಗಾಗಿ ನಾನು ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ನಗರ ಎನ್ನುವ ಊರಿನ ಮೇಲೆ ನಿಟ್ಟೂರು ಸೇರಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವಳು. ಆ ಕಾಲದ ಡೌನ್‌ಲೋಡ್ ಅಂದರೆ ಹಾಗೆ. ಇಡೀ ದಿನ ಹಿಡಿಯುತ್ತಿತ್ತು, ದಾರಿಯ ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರುಗಳ ಸದ್ದಿಗೆ ಕೆಳಗಿನ ಅಂಗಡಿಯವರು ದಿನಾ ಗೊಣಗುತ್ತಿದ್ದರು. ನಾನು ದಿನಾ ಕೇಳದವಳ ಹಾಗೆ ಮೆಟ್ಟಿಲು ಹತ್ತುತ್ತಿದ್ದೆ. ಅದಕ್ಕೆ ಒಂದು ವರ್ಷ ಮೊದಲು, ಶಿವಮೊಗ್ಗದ ಯಾವುದೋ ಕಚೇರಿ ಬೇಡವೆಂದು ತೆಗೆದಿದ್ದ ಕಂಪ್ಯೂಟರೊಂದನ್ನು ತಂದು ಮೂಲೆಯಲ್ಲಿ ಪ್ರತಿಷ್ಠಾಪಿಸಿದ್ದೆ. ಅದರಲ್ಲಿ ಕನ್ನಡ ಮೂಡಿಸುವ ಒಂದು ಪ್ರೋಗ್ರಾಮೂ ಇತ್ತು. ಊರಿನವರು ಬಟ್ಟೆ ತೆಗೆಯಲು ಬಂದವರು ಹಾಗೇ ಮೇಲೆ ಹತ್ತಿ, ಪರದೆಯ ಮೇಲೆ ತಮ್ಮ ಹೆಸರು ಹಸಿರು ಬಣ್ಣದಲ್ಲಿ ಬರುವುದನ್ನು ನೋಡಿ ಇಳಿದು ಹೋಗುತ್ತಿದ್ದರು.

ಆ ಕಂಪ್ಯೂಟರನ್ನು ನನಗಿಂತ ಚೆನ್ನಾಗಿ ಪಳಗಿಸಿಕೊಂಡವಳು ನನ್ನ ಒಬ್ಬ ವಿದ್ಯಾರ್ಥಿನಿ. ಇಪ್ಪತ್ತನಾಲ್ಕರ ಪ್ರಾಯ. ಮದುವೆಯಾಗಿ ಕೊಪ್ಪದ ಕಡೆ ಹೋದವಳು ಎರಡನೇ ಸಲ ಅಪ್ಪನ ಮನೆಗೆ ವಾಪಸಾಗಿದ್ದಳು. ಯಾಕೆ ಬಂದಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಟೈಪಿಂಗಿಗೆ ಸೇರುವಾಗಲೇ ಎಡಗೈಯ ಕಿರುಬೆರಳು ಮಡಚಲು ಬರುತ್ತಿರಲಿಲ್ಲ ಅವಳಿಗೆ. ಬಾಗಿಲ ಸಂದಿಗೆ ಸಿಕ್ಕಿತು ಅಂದಿದ್ದಳು. ಬಾಗಿಲು ತಾನಾಗಿ ಹಾಗೆ ಹಾಕಿಕೊಳ್ಳುವುದಿಲ್ಲ ಎಂದು ಗೊತ್ತಾಗುವಷ್ಟು ಬುದ್ಧಿ ನನಗಿತ್ತು. ಆ ಬೆರಳನ್ನು ಬಿಟ್ಟು ಉಳಿದ ಒಂಬತ್ತರಲ್ಲೇ ಅವಳು ಕನ್ನಡ ಟೈಪು ಮಾಡುವುದು ನೋಡಿದರೆ ಮಳೆ ಸುರಿದ ಹಾಗಿರುತ್ತಿತ್ತು. ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೇ. ಎಸ್ಸೆಸ್ಸೆಲ್ಸಿಗೇ ಓದು ಬಿಡಿಸಿದ್ದರು.

ಆ ವರ್ಷ ದೀಪಾವಳಿಗೆ ಮುಂಚೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಅವಳನ್ನು ಮತ್ತೆ ಗಂಡನ ಮನೆಗೆ ಕಳಿಸುವುದೆಂದು ತೀರ್ಮಾನ ಮಾಡಿದ್ದರು. ಕರೆದುಕೊಂಡು ಹೋಗಲು ಗಂಡನ ಅಣ್ಣ ಬರುವುದೆಂದಾಗಿತ್ತು. ಮಂಗಳವಾರ, ಶುಕ್ರವಾರ ಮನೆಮಗಳನ್ನು ಕಳಿಸಬಾರದು ಎಂದು ನೋಡಿ ನೋಡಿ ಗುರುವಾರ ಆರಿಸಿದ್ದರು. ಕಳಿಸಲೇಬಾರದು ಎನ್ನುವ ವಾರ ಆ ಹಿರಿಯರ ಯಾರ ಪಂಚಾಂಗದಲ್ಲೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ಟೈಪಿಂಗ್ ಟೀಚರ್ ಉರಿದರೆ ಯಾರ ಮನೆಯ ಬೇಳೆ ಬೇಯುತ್ತದೆ?

ದೇವರು ದೊಡ್ಡವನು ಅನ್ನಬೇಕೋ ಏನೋ, ಅದೇ ಗುರುವಾರ ಬೆಳಿಗ್ಗೆ ಇನ್ನೊಂದು ಸಂಗತಿ ಇತ್ತು. ಊರಿನ ಅಡಿಕೆ ಬೆಳೆಗಾರರ ಸಣ್ಣ ಸಂಘವೊಂದು ಕಂಪ್ಯೂಟರ್ ತರಿಸುವುದಿತ್ತು. ಕನ್ನಡದಲ್ಲಿ ಕೆಲಸ ಮಾಡುವ ಒಬ್ಬರು ಆಪರೇಟರ್ ಬೇಕಾಗಿದ್ದರು. ಅವರ ಯಂತ್ರ ಇನ್ನೂ ಬಂದಿಲ್ಲವಾದ್ದರಿಂದ ಪರೀಕ್ಷೆಯನ್ನು ನನ್ನಲ್ಲೇ, ನನ್ನ ಯಂತ್ರದ ಮೇಲೇ ಮಾಡುತ್ತೇವೆ ಎಂದು ಸಂಘದ ಕಾರ್ಯದರ್ಶಿ ಹೇಳಿ ಹೋಗಿದ್ದರು. ನಾನು ಹುಡುಗಿಯ ಅಪ್ಪನ ಬಳಿ ಈ ಮಾತೆತ್ತಿದೆ. ಅವರು ಗದ್ದೆ ಮಾಡಿಕೊಂಡಿದ್ದ, ನಾಲ್ಕು ಮಾತಿಗೆ ಒಂದು ಆಡುವ ಮನುಷ್ಯ.

"ಎಂಥ ಮಾಡದು ಟೀಚರ್ರೆ," ಅಂದರು. "ನಾಲ್ಕು ಜನ ಕೂತು ಮಾತಾಡಿ ಆಗಿದೆ. ಕೆಲ್ಸ ಅಂತ ಒಂದು ಕೈಗೆ ಬಂದ್ರೆ ನಂಗೂ ಒಂದು ಮಾತು ಅಂತ ಇರ್ತದೆ. ಇಲ್ದಿದ್ರೆ ಅವರ ಹತ್ರ ನಾನು ಎಂಥ ಅಂತ ಹೇಳ್ಲಿ?"

ಪರೀಕ್ಷೆಯಲ್ಲಿ ಗೆದ್ದರೆ ಇಲ್ಲಿ, ಇಲ್ಲದಿದ್ದರೆ ಕೊಪ್ಪದ ಬಸ್ಸು. ಅಷ್ಟು ಸರಳವಾಗಿತ್ತು ಲೆಕ್ಕ.

ಆ ಗುರುವಾರದ ಹಿಂದಿನ ಭಾನುವಾರ ಮಧ್ಯಾಹ್ನ ಸಿಡಿಲು ಹೊಡೆಯಿತು. ಹಿಂಗಾರಿನ ಸಿಡಿಲು ನಮ್ಮ ಕಡೆ ಹೊಸದಲ್ಲ. ಮೋಡ ಕಪ್ಪಾದರೆ ಪ್ಲಗ್ ಕೀಳುವುದು ಎಲ್ಲರ ಮನೆಯ ಪದ್ಧತಿ. ಆದರೆ ಭಾನುವಾರ ಇನ್‌ಸ್ಟಿಟ್ಯೂಟಿಗೆ ಬೀಗ, ಕೀಳುವವರು ಯಾರು? ಸೋಮವಾರ ಬಾಗಿಲು ತೆಗೆದಾಗ ಸುಟ್ಟ ರಬ್ಬರಿನ ವಾಸನೆ. ಕಂಪ್ಯೂಟರ್ ಸ್ವಿಚ್ ಒತ್ತಿದರೆ ಉಸಿರಿಲ್ಲ. ಪ್ರಿಂಟರು ಪುಣ್ಯಕ್ಕೆ ಪ್ಲಗ್ ಹಾಕದೆ ಇದ್ದಿದ್ದರಿಂದ ಬದುಕಿತ್ತು. ನಮ್ಮ ಹುಡುಗಿ ಬಂದು ಸತ್ತ ಪರದೆಯ ಮುಂದೆ ಕೂತಳು. ಅಳಲಿಲ್ಲ. ಎದ್ದು ಹೋಗಿ ಟೈಪ್‌ರೈಟರುಗಳ ಧೂಳು ಒರೆಸಿದಳು. ಅವಳು ಅತ್ತುಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಎಸ್‌ಟಿಡಿ ಬೂತಿಗೆ ಓಡಿ ಸಾಗರಕ್ಕೆ ಫೋನು ಮಾಡಿದೆ. ಅಲ್ಲಿ ರೇಡಿಯೋ ರಿಪೇರಿಯಿಂದ ಕಂಪ್ಯೂಟರಿಗೆ ಬಡ್ತಿ ಪಡೆದ ಒಬ್ಬರಿದ್ದರು. ಬಾಯಲ್ಲಿ ಎಲೆಯಡಿಕೆಯ ಕವಳ, ಕೈಯಲ್ಲಿ ಸ್ಕ್ರೂಡ್ರೈವರ್, ಮಾತಿನಲ್ಲಿ ಸದಾ ಧೈರ್ಯ. ಮಂಗಳವಾರ ಬೆಳಗಿನ ಬಸ್ಸಿಗೇ ಬಂದಿಳಿದರು. ಡಬ್ಬಿ ಬಿಚ್ಚಿ ಒಳಗಿನದೆಲ್ಲ ಮೇಜಿನ ಮೇಲೆ ಹರಡಿ, ಕರೆಂಟು ಕೊಡುವ ಪೆಟ್ಟಿಗೆಯೂ ಪರದೆಗೆ ಚಿತ್ರ ಕಳಿಸುವ ಕಾರ್ಡೂ ಸುಟ್ಟಿವೆ, ಬಾಕಿಯೆಲ್ಲ ಗಟ್ಟಿಯಿದೆ ಎಂದರು. ತಾವೇ ತಂದಿದ್ದ ಬೇರೆ ಪೆಟ್ಟಿಗೆ, ಬೇರೆ ಕಾರ್ಡು ಕೂರಿಸಿದರು. ಸ್ವಿಚ್ ಒತ್ತಿದಾಗ ಪರದೆಯಲ್ಲಿ ಇಂಗ್ಲಿಷ್ ಅಕ್ಷರ ಮೂಡಿತು.

"ನೋಡಿ ಟೀಚರ್ರೆ, ಸತ್ತೋನು ಎದ್ದು ಕೂತ," ಅಂದರು.

ಎದ್ದು ಕೂತವನಿಗೆ ಕನ್ನಡ ಮರೆತು ಹೋಗಿತ್ತು. ಕನ್ನಡದ ಪ್ರೋಗ್ರಾಮು ತೆರೆದರೆ ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ. ಅಕ್ಷರ ಒಂದೂ ಇಲ್ಲ.

ಸಾಗರದವರು ವಿವರಿಸಿದರು. ಇಂಗ್ಲಿಷ್ ಅಕ್ಷರ ಕಾರ್ಡಿನ ಒಳಗೇ ಇರುತ್ತದೆ. ಕನ್ನಡದ್ದು ಹಾಗಲ್ಲ, ಚುಕ್ಕಿ ಚುಕ್ಕಿಯಾಗಿ ಬಿಡಿಸಬೇಕು. ಯಾವ ಚುಕ್ಕಿ ಎಲ್ಲಿ ಎಂದು ಆ ಕಾರ್ಡಿಗೆ ಅರ್ಥವಾಗುವ ಹಾಗೆ ಹೇಳುವ ಪುಟ್ಟ ಪ್ರೋಗ್ರಾಮಿಗೇ ಡ್ರೈವರ್ ಅನ್ನುವುದು. ಕಾರ್ಡು ಬದಲಾದರೆ ಡ್ರೈವರೂ ಬದಲಾಗಬೇಕು. ನಮ್ಮ ಹತ್ತಿರ ಇದ್ದದ್ದು ಸುಟ್ಟು ಹೋದ ಕಾರ್ಡಿನ ಭಾಷೆ ಬಲ್ಲ ಡ್ರೈವರ್.

ಆದರೂ ಅವರು ಸುಮ್ಮನೆ ಸೋಲುವವರಲ್ಲ. ಪ್ರೋಗ್ರಾಮಿನ ಜೊತೆ ಬಂದಿದ್ದ ಡ್ರೈವರುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದರು. ಒಂದಕ್ಕೆ ಪರದೆ ಪೂರ್ತಿ ಕಪ್ಪು. ಒಂದಕ್ಕೆ ಅಕ್ಷರಗಳು ಎದ್ದು ನಿಂತವು, ಆದರೆ ಒತ್ತುಗಳು ಎಲ್ಲೋ ಬಿದ್ದು ಹೋದವು. ಇನ್ನೊಂದಕ್ಕೆ ಯಂತ್ರವೇ ಸ್ತಬ್ಧವಾಯಿತು, ಆರಿಸಿ ಹಚ್ಚಬೇಕಾಯಿತು. ಕಾರ್ಡನ್ನು ಕಿತ್ತು ಅದರ ಅಂಚನ್ನು ಮಕ್ಕಳ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದರು. ಅದರ ಮೇಲಿದ್ದ ಸಣ್ಣ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿದರು. ಕೊನೆಗೆ, ಇದೆಲ್ಲ ಮೊದಲೇ ಗೊತ್ತಿತ್ತು ಅನ್ನುವ ಗತ್ತಿನಲ್ಲಿ ಚೀಲದಿಂದ ಒಂದು ಕಪ್ಪು ಚೌಕದ ಫ್ಲಾಪಿ ತೆಗೆದರು. ಬೆಂಗಳೂರಿನಿಂದ ಈ ಕಾರ್ಡಿನ ಜೊತೆಗೇ ಬಂದ ಡ್ರೈವರ್ ಅದರಲ್ಲಿದೆ ಎಂದರು. ಮೇಲೆ ಅವರದೇ ಕೈಬರಹ. ಸ್ಕ್ರೀನ್ ಡ್ರೈವರ್, ಮುಟ್ಟಬಾರದು.

"ಇದು ಇದ್ದಿದ್ದು ಬೆಳಿಗ್ಗೆಯೇ ಹಾಕ್ಲಿಕ್ಕೆ ಏನಾಗಿತ್ತು ನಿಮ್ಗೆ?" ಎಂದು ನಾನು ರೇಗಿದೆ.

"ರಾಮಬಾಣ ಕೊನೆಗೇ ಬಿಡದು ಟೀಚರ್ರೆ."

ಫ್ಲಾಪಿ ಹಾಕಿ ಒಳಗೇನಿದೆ ಎಂದು ಕೇಳಿದರೆ, ಯಂತ್ರ ಒಂದೇ ಒಂದು ಫೈಲಿನ ಹೆಸರು ತೋರಿಸಿತು. ಅದು ಡ್ರೈವರಿನ ಹೆಸರಲ್ಲ. ಅವರು ಹುಬ್ಬು ಗಂಟು ಹಾಕಿ ಅದನ್ನೇ ನಡೆಸಿದರು. ಪರದೆ ಖಾಲಿಯಾಯಿತು. ನಡುವೆ ಒಂದು ಚುಕ್ಕಿ ಬಂತು. ಅದರ ಆಚೆ ಈಚೆ ಇನ್ನಷ್ಟು ಚುಕ್ಕಿ. ನಿಧಾನಕ್ಕೆ ಸಾಲು ಸಾಲಾಗಿ ಚುಕ್ಕಿ ಇಟ್ಟು ಮುಗಿಸಿ, ಆಮೇಲೆ ಒಂದು ಎಳೆ ಹೊರಟು, ಚುಕ್ಕಿಗಳನ್ನು ಸುತ್ತಿ ಬಳಸಿ, ಎಲ್ಲೂ ಕಡಿಯದೆ ಹೊರಟಲ್ಲಿಗೇ ಬಂದು ಸೇರಿತು. ಅಂಗಳದಲ್ಲಿ ಹಾಕುವಂಥ ರಂಗೋಲಿ. ಅಪ್ಪಟ ರಂಗೋಲಿ.

ನಮ್ಮ ಹುಡುಗಿ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು. ನನಗೆ ಮಾತ್ರ ಆ ಎಳೆ ನನ್ನ ಕುತ್ತಿಗೆಗೇ ಸುತ್ತಿಕೊಂಡ ಹಾಗಾಯಿತು.

"ಫ್ಲಾಪಿ ನಂದು, ಅಕ್ಷರ ನಂದು, ಒಳಗಿರೋದು ಮಾತ್ರ ಯಾರ್ದೋ," ಎಂದು ಸಾಗರದವರು ಕವಳ ಉಗಿಯುವುದನ್ನೂ ಮರೆತು ಕೂತರು. ಯಾರಿಗಾದರೂ ಕೊಟ್ಟಿದ್ದಿರಾ ಎಂದು ಕೇಳಿದ್ದಕ್ಕೆ ಯೋಚಿಸಿ ಹೇಳಿದರು. ಒಬ್ಬರಿಗೇ. ಅಣೆಕಟ್ಟಿನ ಕೆಲಸದಲ್ಲಿದ್ದು ನಿವೃತ್ತಿಯಾಗಿ ನಿಟ್ಟೂರಿನಲ್ಲಿ ಮನೆ ಮಾಡಿಕೊಂಡಿದ್ದ ಇಂಜಿನಿಯರರಿಗೆ. ಅವರದೂ ಇದೇ ಥರದ ಕಾರ್ಡು. ಮಳೆಗಾಲದಲ್ಲಿ ಒಯ್ದು ವಾರದಲ್ಲೇ ತಂದುಕೊಟ್ಟಿದ್ದರು. ಇವರು ತೆರೆದು ನೋಡದೆ ಚೀಲಕ್ಕೆ ಹಾಕಿಕೊಂಡಿದ್ದರು. ಬೆಂಗಳೂರಿನ ಅಂಗಡಿಗೆ ಫೋನು ಮಾಡಿದರೆ ಮುಂದಿನ ವಾರ ಪೋಸ್ಟಿನಲ್ಲಿ ಕಳಿಸುತ್ತೇವೆ ಎಂದರು. ನಿಟ್ಟೂರಿನ ಮನೆಗೆ ಫೋನಿಲ್ಲ. ಸಾಗರದವರ ಮಗಳನ್ನು ನೋಡಲು ಮರುದಿನ ಗಂಡಿನ ಕಡೆಯವರು ಬರುವವರಿದ್ದರು, ಇವರು ಊರಿಗೆ ಹೋಗಲೇಬೇಕಿತ್ತು. ಹೀಗಾಗಿ ಬುಧವಾರ ನಾನೇ ಹೊರಟೆ.

ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಇಂಜಿನಿಯರರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಟೈಪು ಮಾಡಿದೆ. ಓದಿದವರು, ದೊಡ್ಡ ಕೆಲಸದಲ್ಲಿದ್ದವರು, ಇನ್ನೊಬ್ಬರ ವಸ್ತುವನ್ನು ಒಯ್ದು ಒಳಗಿದ್ದದ್ದನ್ನು ಅಳಿಸಿ ರಂಗೋಲಿ ಹಾಕಿಕೊಡುವುದೆಂದರೆ ಎಂಥ ಹುಡುಗಾಟ? ಹೊಸನಗರದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಮಾತು ಖಾರವಾಗಿತ್ತು. ನಗರ ದಾಟುವಾಗ ಇನ್ನಷ್ಟು ಕಾಳುಮೆಣಸು ಬಿದ್ದಿತ್ತು.

ನಿಟ್ಟೂರಿನಲ್ಲಿ ರಸ್ತೆಗೆ ಹತ್ತಿರವೇ ಇತ್ತು ಮನೆ. ಬಾಗಿಲಿಗೆ ಬಂದವರು ಇಂಜಿನಿಯರರ ಹೆಂಡತಿ. ಐವತ್ತೈದು ದಾಟಿದ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು. ಯಾರು, ಎತ್ತ ಎಂದು ಕೇಳುವ ಮೊದಲೇ "ಬಿಸಿಲಲ್ಲಿ ಬಂದ್ರಿ, ಕುಡಿಲಿಕ್ಕೆ ಏನು ಕೊಡ್ಲಿ?" ಎಂದು ಮಜ್ಜಿಗೆ ತಂದು ಕೈಗಿತ್ತರು. ಮಜ್ಜಿಗೆ ಕುಡಿದುಕೊಂಡು ಬೈಯುವುದು ಕಷ್ಟ. ಲೋಟ ಕೆಳಗಿಟ್ಟು ಫ್ಲಾಪಿಯನ್ನು ಚೀಲದಿಂದ ತೆಗೆದು ತೋರಿಸಿದೆ. ಅವರ ಮುಖ ಅರಳಿತು.

"ಓ, ಸಾಗರದವರದ್ದು. ರಂಗೋಲಿ ನೋಡಿದ್ರಾ? ಅವ್ರು ಏನೂ ಹೇಳ್ಲೇ ಇಲ್ಲ."

"ನೋಡ್ದೆ. ಅದ್ರೊಳಗೆ ಮೊದ್ಲು ಇದ್ದಿದ್ದು ಎಲ್ಲಿ ಹೋಯ್ತು ಅಂತ ಕೇಳ್ಲಿಕ್ಕೇ ಬಂದಿದ್ದು."

"ತೊಳ್ದೇ ಕೊಟ್ಟಿದ್ವಲ್ಲ?"

ನನಗೆ ಅರ್ಥವಾಗಲಿಲ್ಲ. ಅವರು, ಇಷ್ಟೂ ತಿಳಿಯದವಳಾ ಎನ್ನುವ ಹಾಗೆ ನೋಡಿ, ನಿಧಾನವಾಗಿ ಬಿಡಿಸಿ ಹೇಳಿದರು. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ, ಬಂದದ್ದನ್ನು ನಮ್ಮ ಪಾತ್ರೆಗೆ ಸುರಿದುಕೊಳ್ಳುತ್ತೇವೆ. ಅವರ ಪಾತ್ರೆಯನ್ನು ತೊಳೆಯುತ್ತೇವೆ. ಖಾಲಿ ಕೊಡುವುದಿಲ್ಲ, ಬೆಲ್ಲದ ಚೂರೋ ನಾಲ್ಕು ಬಾಳೆಹಣ್ಣೋ ಹಾಕಿಯೇ ಕೊಡುತ್ತೇವೆ. ಫ್ಲಾಪಿ ವಾಪಸು ಕೊಡಲು ಗಂಡ ಹೊರಟಾಗ ಅವರು ಅದನ್ನೇ ಹೇಳಿದ್ದರು.

ಇದನ್ನು ಕೇಳಿ ಒಳಗಿಂದ ಇಂಜಿನಿಯರರು ಬಂದರು. ಸಣಕಲು ದೇಹದ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ ಸಾಧು ಮನುಷ್ಯ. ಹೆಂಡತಿ ಅವರ ಕಡೆ ತಿರುಗಿ, "ಎಂಗೊ ತೊಳ್ದು ಕೊಟ್ಟಿದ್ದೇ ತಪ್ಪಾತಡ, ಕೇಳಿದ್ರಾ?" ಎಂದು, ನಾವು ತೊಳೆದು ಕೊಟ್ಟಿದ್ದೇ ತಪ್ಪಾಯಿತಂತೆ ಎನ್ನುವುದನ್ನು ತಮ್ಮ ಮನೆಮಾತಿನಲ್ಲಿ ಅಂದರು.

ಅವರು ನನ್ನ ಕಡೆ ನೋಡಿ, "ನಂಗೂ ಇವಳ ಮಾತು ಸರಿ ಕಂಡಿತ್ತು," ಅಂದರು. "ನಮಗೆ ಬೇಕಾದ್ದು ನಮ್ಮ ಯಂತ್ರಕ್ಕೆ ಇಳಿಸ್ಕೊಂಡಾಗಿತ್ತು. ಉಪಯೋಗ್ಸಿ ಮಿಕ್ಕಿದ್ದು ಅಂದ್ರೆ ಎಂಜಲೇ ಅಲ್ವಾ? ಅದನ್ನೇ ಹಾಗೇ ತಿರುಗಿ ಕೊಡೋದು ಚೆನ್ನಾಗಿರಲ್ಲ ಅಂತ ಪೂರ್ತಿ ಅಳಿಸಿ, ಹೊಸದೊಂದು ಹಾಕಿ ಕೊಟ್ಟೆ. ಸಾಗರದವರ ಹತ್ರ ಮೂಲ ಇನ್ನೊಂದು ಇರುತ್ತೆ ಅಂದ್ಕೊಂಡೆ."

ರಂಗೋಲಿಯ ಪ್ರೋಗ್ರಾಮು ಬರೆದವರು ಇಂಜಿನಿಯರರು, ಚುಕ್ಕಿ ಎಣಿಸಿ ಹೇಳಿದವರು ಹೆಂಡತಿ. ಎಳೆ ಎಲ್ಲಿ ತಿರುಗಬೇಕು ಎಂದು ಆಕೆ ನೆಲದ ಮೇಲೆ ಹಾಕಿ ತೋರಿಸಿ, ಇವರು ನೋಡಿ ಬರೆದು, ಮಳೆಗಾಲದ ಒಂದು ವಾರ ಇಬ್ಬರೂ ಅದರಲ್ಲೇ ಮುಳುಗಿದ್ದರಂತೆ. ಸಾಗರದವರು ನೋಡಿ ಖುಷಿ ಪಡುತ್ತಾರೆ ಎಂದು ಕಾದಿದ್ದರಂತೆ. ಹೊಸನಗರದಿಂದ ಅರೆದುಕೊಂಡು ಬಂದಿದ್ದ ನನ್ನ ಖಾರವನ್ನೆಲ್ಲ ನುಂಗಿಕೊಳ್ಳದೆ ಗತಿಯಿರಲಿಲ್ಲ. ಇಂಥವರಿಗೆ ಏನೆಂದು ಬೈಯುವುದು? ನಮ್ಮಮ್ಮ ಇದ್ದಿದ್ದರೂ ಇದನ್ನೇ ಮಾಡಿಸುತ್ತಿದ್ದಳು, ಬೇಕಾದರೆ ಇನ್ನೊಂದು ಸಲ ತೊಳೆಸುತ್ತಿದ್ದಳು.

ಡ್ರೈವರ್ ಅವರ ಯಂತ್ರದಲ್ಲಿ ಭದ್ರವಾಗಿ ಇತ್ತು. ಇಳಿಸಿಕೊಂಡು ಹೊರಡುವುದೊಂದೇ ಬಾಕಿ. ಹಾಸಿಗೆಯ ಚಾದರ ಹೊದ್ದು ಕೂತಿದ್ದ ಕಂಪ್ಯೂಟರಿನ ಚಾದರ ತೆಗೆದು ಇಂಜಿನಿಯರರು ಸ್ವಿಚ್ ಒತ್ತಿದರು, ನನ್ನ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು.

"ಕರೆಂಟ್ ಇಲ್ಲೆ."

ಸುತ್ತ ಮುತ್ತ ಎಲ್ಲಿ ನೋಡಿದರೂ ಅಣೆಕಟ್ಟು, ನಾಡಿಗೆಲ್ಲ ದೀಪ ಹಚ್ಚುವ ನೀರು ನಿಂತಿರುವುದೇ ಅಲ್ಲಿ. ಅದನ್ನು ಕಟ್ಟಿದವರ ಮನೆಯಲ್ಲೇ ಕತ್ತಲೆ. "ಕಟ್ಟಿದ್ದು ನೀವೇ ಅಲ್ವಾ, ಹೋಗಿ ಸ್ವಲ್ಪ ಬಿಡಿಸಿ," ಎಂದು ಹೆಂಡತಿ ಕಿಚಾಯಿಸಿದರು. ನನಗೆ ನಗಲೂ ಆಗಲಿಲ್ಲ. ವಾಪಸು ಹೋಗಲು ಮಧ್ಯಾಹ್ನದ ಬಸ್ಸು ಬಿಟ್ಟರೆ ಆ ದಿನ ಊರು ಮುಟ್ಟುವ ಹಾಗಿರಲಿಲ್ಲ.

ಊಟಕ್ಕೆ ಎಬ್ಬಿಸಿದರು. ನಾನು ತುತ್ತಿಗೊಮ್ಮೆ ಬಲ್ಬಿನ ಕಡೆ ನೋಡುತ್ತಿದ್ದೆ. ವಿದ್ಯಾರ್ಥಿನಿಗೆ ನಾಳೆ ಪರೀಕ್ಷೆ ಎಂದಷ್ಟೇ ಹೇಳಿದ್ದೆ, ಆಕೆ ನನ್ನನ್ನು ನೋಡಿ, ಒಂದು ಟೈಪಿಂಗ್ ಪರೀಕ್ಷೆಗೆ ಇಷ್ಟು ಆತಂಕವಾ ಎಂದು ಕೇಳಿದರು. ನಾನು ಹೇಳಿದೆ. ಹುಡುಗಿಯ ಬೆರಳಿನಿಂದ ಹಿಡಿದು ಹಿರಿಯರು ಆರಿಸಿದ ಗುರುವಾರದ ತನಕ ಎಲ್ಲವನ್ನೂ ಹೇಳಿದೆ. ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು.

"ಮಕ್ಕಳಿದಾವಾ?"

"ಇಲ್ಲ."

ಸಾರು ಬಡಿಸುತ್ತ ಅಂದರು, "ನನ್ನ ತಂಗಿನೂ ಹೀಗೇ ಬಂದಿದ್ಲು. ಕಳಿಸಿದ್ವಿ."

"ಆಮೇಲೆ?"

"ಆಮೇಲೆ ಎಂತ? ಕಳಿಸಿದ್ವಿ." ಸೌಟನ್ನು ಪಾತ್ರೆಯೊಳಗಿಟ್ಟು ಒಳಗೆ ಹೋದರು. ಇಂಜಿನಿಯರರು ತಲೆಯೆತ್ತದೆ ಊಟ ಮಾಡಿದರು. ಆ ತಂಗಿಯ ವಿಷಯ ನಾನು ಮತ್ತೆ ಕೇಳಲಿಲ್ಲ, ಇವತ್ತಿಗೂ ನನಗೆ ಅಷ್ಟೇ ಗೊತ್ತು.

ಕರೆಂಟು ಬಂದದ್ದು ಬಸ್ಸಿನ ಹೊತ್ತು ಸಮೀಪಿಸಿದ ಮೇಲೆ. ಆಗಿನ ಯಂತ್ರಗಳು ಎದ್ದು ಮೈಮುರಿದು ಕೂರುವುದಕ್ಕೇ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದವು. ಡ್ರೈವರನ್ನು ಫ್ಲಾಪಿಗೆ ಇಳಿಸಲು ಶುರು ಮಾಡಿದಾಗ ದೂರದ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು.

"ಒಂದ್ರಲ್ಲಿ ಬೇಡ, ಎರಡ್ರಲ್ಲಿ ಹಾಕಿ," ಎಂದು ಹೆಂಡತಿ ಅಲ್ಮೇರದಿಂದ ಹೊಸ ಫ್ಲಾಪಿಯೊಂದನ್ನು ತಂದು ಗಂಡನ ಮುಂದಿಟ್ಟರು. "ದಾರೀಲಿ ಒಂದು ಹಾಳಾದ್ರೆ ಇನ್ನೊಂದು ಇರ್ತು."

ಬಸ್ಸು ಹೋಗಿಬಿಡುತ್ತದೆ ಎಂದು ನಾನು ಚಡಪಡಿಸಿದೆ. ಆಕೆ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ನಡೆದರು. ಕಿಟಕಿಯಿಂದ ಕಂಡಿತು. ಬಸ್ಸು ಬಂತು, ಆಕೆ ರಸ್ತೆಯ ನಟ್ಟನಡುವೆ ನಿಂತಿದ್ದರು. ಡ್ರೈವರ್ ಬ್ರೇಕು ಹಾಕಿ ತಲೆ ಹೊರಗೆ ಹಾಕಿದ.

"ಒಬ್ರು ಬರ್ಲಿಕ್ಕಿದಾರೆ, ಸ್ವಲ್ಪ ನಿಲ್ಲಿ."

"ಟೈಮಾತು ಅಮ್ಮ."

"ಆಗ್ಲಿ."

ಅಷ್ಟೇ ಮಾತು. ಇಡೀ ಬಸ್ಸು ಕತ್ತು ಉದ್ದ ಮಾಡಿ ನೋಡುತ್ತಿತ್ತು. ಎರಡನೇ ಫ್ಲಾಪಿಯೂ ಮುಗಿದು, ಇಂಜಿನಿಯರರು ಎರಡನ್ನೂ ಒಮ್ಮೆ ತೆರೆದು ಪರೀಕ್ಷಿಸಿ ಕೊಡುವವರೆಗೂ ಆಕೆ ರಸ್ತೆ ಬಿಟ್ಟು ಕದಲಲಿಲ್ಲ. ನಾನು ಬಸ್ಸು ಹತ್ತುವಾಗ ಬೆನ್ನ ಮೇಲೆ ಕೈಯಿಟ್ಟು, "ಹುಡುಗಿಗೆ ಹೇಳಿ," ಅಂದರು. ಏನು ಹೇಳಬೇಕು ಎಂದು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಬೇಗ ಹೋಗಿ ಹುಡುಗಿಯೂ ನಾನೂ ಡ್ರೈವರ್ ಹಾಕಿದೆವು. ಕೀಲಿ ಒತ್ತಿದ್ದು ನಾನೇ. ಕನ್ನಡ ಬಂತು. ಒತ್ತು, ದೀರ್ಘ, ಸೊನ್ನೆ ಒಂದೂ ಕಳೆಯದೆ ಬಂತು. ಅವಳು ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಟೈಪು ಮಾಡಿ ನೋಡಿ, ಅಳಿಸಿದಳು. ನಾನು ಗೆದ್ದೆವು ಎಂದೇ ತಿಳಿದೆ.

ಕಿಟಕಿಯಿಂದ ಕೆಳಗೆ ನೋಡಿದರೆ ಕೊಪ್ಪದ ಬಸ್ಸು ಬಂದು ನಿಂತಿತ್ತು. ಗಂಡನ ಅಣ್ಣ, ಬಿಳಿ ಅಂಗಿ ಪಂಚೆಯ ಎತ್ತರದ ಆಳು, ಸೀಟು ಹಿಡಿದು ಟವೆಲ್ ಹಾಕಿಸಿ, ಹುಡುಗಿಯ ಟ್ರಂಕನ್ನು ಬಸ್ಸಿನ ಟಾಪಿಗೆ ಹಾಕಿಸುತ್ತಿದ್ದ. ಪರೀಕ್ಷೆ ಎಂಬುದು ಅವನ ಪಾಲಿಗೆ ಬಸ್ಸು ಹೊರಡುವ ತನಕ ಹೊತ್ತು ಕಳೆಯುವ ಆಟ. ಆಮೇಲೆ ಅವನೂ ಹುಡುಗಿಯ ಅಪ್ಪನೂ ಮೇಲೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು.

ಕಾರ್ಯದರ್ಶಿ ಬಂದರು. ಪರೀಕ್ಷೆಗೆ ಇವಳಲ್ಲದೆ ಇನ್ನೂ ಇಬ್ಬರು ಬಂದಿದ್ದರು, ಇಬ್ಬರೂ ಪದವೀಧರರು. ಬೆಳೆಗಾರರಿಗೆ ಒಂದು ಸೂಚನೆ ಎಂದು ಕಾರ್ಯದರ್ಶಿ ಓದಿ ಹೇಳಿದರು. ಅಡಿಕೆ ಸರಿಯಾಗಿ ಒಣಗಿಸಿ ತರತಕ್ಕದ್ದು, ಹಸಿ ಬೆರೆಸಿದ್ದು ಕಂಡುಬಂದಲ್ಲಿ ವಾಪಸು ಕಳಿಸಲಾಗುವುದು, ಇತ್ಯಾದಿ. ಮೊದಲಿನ ಇಬ್ಬರು ಕೀಲಿ ಹುಡುಕುತ್ತ, ಅಳಿಸುತ್ತ, ಬೆವರು ಒರೆಸುತ್ತ ಮುಗಿಸಿದರು. ನಮ್ಮ ಹುಡುಗಿ ಕೂತಳು. ಕಾರ್ಯದರ್ಶಿ ಕೊನೆಯ ಸಾಲು ಓದಿ ಕನ್ನಡಕ ತೆಗೆಯುವಷ್ಟರಲ್ಲಿ ಪ್ರಿಂಟರು ಕಿರುಗುಟ್ಟಲು ಶುರುವಾಗಿತ್ತು. ಕಾಗದ ಹರಿದು ಓದಿದರು. ಇನ್ನೊಮ್ಮೆ ಓದಿದರು. ತಪ್ಪು ಹುಡುಕುತ್ತಿದ್ದರು, ಸಿಗಲಿಲ್ಲ.

"ಕೆಲ್ಸ ಚೆನ್ನಾಗಿದೆ ಕಣಮ್ಮ," ಅಂದರು. "ಇವತ್ತೇ ಹೇಳ್ತೀನಿ, ನಿನ್ನ ತಗೊಳ್ಳೋದೇ. ಆದ್ರೆ ಒಂದು ಮಾತು. ಮದುವೆಯಾದೋಳು. ನಾಳೆ ಗಂಡನ ಮನೆಗೆ ಹೋಗ್ತೀನಿ ಅಂತ ಎದ್ರೆ ಸೀಜನ್ನಿನಲ್ಲಿ ನಮ್ಮ ಕೈ ಕಟ್ಟಿದಂಗಾಗ್ತದೆ. ನಿಮ್ಮ ಕಡೆಯ ಹಿರಿಯರು ಯಾರಾದ್ರೂ ಒಂದು ಮಾತು ಹೇಳ್ಬೇಕು. ಇವಳು ಇಲ್ಲೇ ಇರ್ತಾಳೆ ಅಂತ."

ಸಾಗರ, ನಿಟ್ಟೂರು, ಬೆಂಗಳೂರು ಎಂದು ನಾವು ಏನೆಲ್ಲ ಜಾಲಾಡಿ ತಂದು ಜೋಡಿಸಿದರೂ, ಬೇಕಾಗಿದ್ದ ಒಂದು ಮಾತು ಬಾಗಿಲ ಬಳಿಯ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಅದನ್ನು ತರಲು ಯಾವ ಬಸ್ಸೂ ಇರಲಿಲ್ಲ.

"ಅದೆಲ್ಲ ಆಗದಲ್ಲ ಬಿಡಿ," ಗಂಡನ ಅಣ್ಣ ಎದ್ದು ನಿಂತು ನಗುತ್ತ ಹೇಳಿದ. "ಮಾತಾಡಿ ಆಗಿದೆ. ಟ್ರಂಕೂ ಬಸ್ಸಿಗೆ ಹಾಕ್ಯಾಗಿದೆ."

ಹುಡುಗಿ ಕುರ್ಚಿಯಿಂದ ಏಳಲಿಲ್ಲ. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಎರಡೂ ಕೈ ಕೀಲಿಗಳ ಮೇಲೇ ಇತ್ತು, ಆ ಕಿರುಬೆರಳು ಮಾತ್ರ ನೆಟ್ಟಗೆ ನಿಂತಿತ್ತು. ಅಪ್ಪ ಅದನ್ನು ನೋಡುತ್ತಿದ್ದುದನ್ನು ನಾನು ನೋಡಿದೆ. ಅವರು ಮಗಳು ಕೂತು ಟೈಪು ಮಾಡುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅವರು ಎದ್ದರು. ಬಾಗಿಲು ದಾಟಿ ಮೆಟ್ಟಿಲಿಳಿದು ಹೋದರು. ಹೇಡಿ, ತಪ್ಪಿಸಿಕೊಂಡು ಹೋದ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ. ಕೆಳಗೆ ಬಸ್ಸಿನ ಎಂಜಿನ್ ಶುರುವಾಯಿತು. ಗಂಡನ ಅಣ್ಣ ವಾಚು ನೋಡಿಕೊಂಡು ಕಿಟಕಿಗೆ ಹೋದ, ಅವನ ನಗು ನಿಂತಿತು. ನಾನೂ ಹೋಗಿ ಬಗ್ಗಿ ನೋಡಿದೆ. ಆ ವಯಸ್ಸಾದ ಮನುಷ್ಯ ಪಂಚೆ ಎತ್ತಿ ಕಟ್ಟಿ ಬಸ್ಸಿನ ಹಿಂದಿನ ಏಣಿ ಹತ್ತುತ್ತಿದ್ದರು. ಕಂಡಕ್ಟರ್ ಕೂಗುತ್ತಿದ್ದ, ಅವರು ಕೇಳಿಸಿಕೊಳ್ಳಲಿಲ್ಲ. ಟಾಪಿನಲ್ಲಿ ಬೇರೆಯವರ ಮೂಟೆಗಳನ್ನು ಸರಿಸಿ ಟ್ರಂಕು ಎಳೆದು, ಹೆಗಲ ಮೇಲೆ ಹೊತ್ತು, ಒಂದು ಕೈಯಲ್ಲಿ ಏಣಿ ಹಿಡಿದು ಇಳಿದರು.

ಮೆಟ್ಟಿಲು ಹತ್ತಿ ಬಂದು ಟ್ರಂಕನ್ನು ಮಗಳ ಕುರ್ಚಿಯ ಪಕ್ಕ ಇಳಿಸಿದರು. ಏದುಸಿರು ಬರುತ್ತಿತ್ತು. ಗಂಡನ ಅಣ್ಣ ಏನೋ ಹೇಳಲು ಬಾಯಿ ತೆಗೆದ, ಅವರು ಅವನ ಕಡೆ ತಿರುಗಲೇ ಇಲ್ಲ. ಕಾರ್ಯದರ್ಶಿಯ ಮುಂದೆ ನಿಂತು, ಹೆಗಲ ಮೇಲಿನ ಧೂಳು ಕೊಡವಿಕೊಂಡು ಕೇಳಿದರು.

"ನಾಳೆ ಎಷ್ಟೊತ್ತಿಗೆ ಕಳಿಸ್ಬೇಕು?"